ಇಪ್ಪತ್ತೇಳನೇ ನಂಬರಿನ ಚೀಲ

ಉಚ್ಚಂಗಮ್ಮ ಕೋಂ ಗುಡ್ಡಪ್ಪ, ವಯಸ್ಸು ಐವತ್ತೆಂಟು, ಹಿರಿಯೂರು ತಾಲ್ಲೂಕು ಹರಿಯಬ್ಬೆಯ ವಾಸಿ. ತವರು ಹೊಸದುರ್ಗದ ಕಡೆಯ ಕುರಿಗಾರರ ಮನೆ. ಗಂಡ ಗುಡ್ಡಪ್ಪನಿಗೆ ಮೂವತ್ತು ಕುರಿ, ಎರಡು ಎಕರೆ ಎರೆ ಹೊಲ. ಒಬ್ಬಳೇ ಮಗಳು ಚೈತ್ರಾಳನ್ನು ಹೊಳಲ್ಕೆರೆಗೆ ಕೊಟ್ಟಿದ್ದಾರೆ. 2009ರ ಫೆಬ್ರವರಿಯಲ್ಲಿ ಉಚ್ಚಂಗಮ್ಮ ತೀರಿಕೊಂಡಾಗ ಮಣ್ಣು ಮಾಡಿ ಬಂದ ಜನ ಜಗಲಿಯ ಮೇಲೆ ಕುಳಿತು ಅತ್ತರು, ಆಮೇಲೆ ಇಪ್ಪತ್ತೇಳನೇ ನಂಬರಿನ ಚೀಲದ ಮಾತು ತೆಗೆದು ಮನಸಾರೆ ನಕ್ಕರು. ಅದನ್ನು ನೆನೆಯದೆ ಅವರನ್ನು ನೆನೆಯಲು ಆ ಊರಿನವರಿಗೆ ಬರುವುದಿಲ್ಲ.

ಹರಿಯಬ್ಬೆಗೆ ಮಿಡಿಸೌತೆ ಬಂದದ್ದು ತೊಂಬತ್ತೆಂಟರಲ್ಲಿ. ಉಪ್ಪುನೀರಿನಲ್ಲಿ ಹಾಕಿ ಪರದೇಶಕ್ಕೆ ಕಳಿಸುವ ಕಾರ್ಖಾನೆಯೊಂದು ನಲವತ್ತಮೂರು ಮನೆಗಳ ಜೊತೆ ಒಪ್ಪಂದ ಮಾಡಿಕೊಂಡು, ಶಾಲೆಯ ಹಿಂದೆ ಸಂಗ್ರಹ ಕೇಂದ್ರ ತೆರೆಯಿತು. ಕಿರುಬೆರಳಿನಷ್ಟು ಕಾಯಿ ಒಂದು ಕಡೆ, ಹೆಬ್ಬೆರಳಿನಷ್ಟು ಕಾಯಿ ಇನ್ನೊಂದು ಕಡೆ ಎಂದು ವಿಂಗಡಿಸುವ ಕೆಲಸಕ್ಕೆ ಉಚ್ಚಂಗಮ್ಮ ಮೇಲ್ವಿಚಾರಕಿಯಾದರು. ಮಗಳು ಐದನೇ ತರಗತಿಯಲ್ಲಿದ್ದಾಗ ತಾವೂ ಸಂಜೆಯ ಸಾಕ್ಷರತಾ ಕೇಂದ್ರಕ್ಕೆ ಹೋಗಿ ಅಕ್ಷರ, ಅಂಕಿ ಕಲಿತವರು. ಕಲಿತದ್ದನ್ನು ವ್ಯರ್ಥವಾಗಲು ಬಿಟ್ಟವರಲ್ಲ.

2003ರಲ್ಲಿ ಕೇಂದ್ರಕ್ಕೆ ಕಂಪ್ಯೂಟರ್ ಬಂತು. ಅದರೊಡನೆ ಚಿತ್ರದುರ್ಗದಿಂದ ಚೇತನ್‌ಕುಮಾರ್ ಎಂಬ ಅಧಿಕಾರಿಯೂ ಬಂದ. ಪ್ರತಿ ಹೊಲಕ್ಕೂ ಒಂದು ನಂಬರು. ಬೀಜ ಊರಿದ ದಿನ, ಔಷಧಿ ಹೊಡೆದ ದಿನ, ಕಾಯಿ ಬಿಡಿಸಿದ ದಿನ, ಎಲ್ಲವೂ ಆ ನಂಬರಿನ ಕೆಳಗೆ ಸೇರಬೇಕು. ಚೀಲದ ಬಾಯಿಗೆ ಅದೇ ನಂಬರಿನ ಚೀಟಿ.

"ಜರ್ಮನಿಯಲ್ಲಿ ಒಬ್ಬಾತ ಕಾಯಿ ಕಡಿದು ಮುಖ ಕಿವುಚಿದರೂ ಅದು ಯಾರ ಹೊಲದ್ದು ಅಂತ ಇಲ್ಲೇ ಕೂತು ಹೇಳಬಹುದಮ್ಮ" ಎಂದ ಚೇತನ್.

"ನಮ್ಮಪ್ಪ ಇನ್ನೂರು ಕುರಿಯಾಗೆ ನಮ್ಮ ಮರಿ ಯಾವುದು ಅಂತ ಹಿಂಗೇ ಕುಂತು ಹೇಳ್ತಿದ್ದ. ಅವನಿಗೆ ಕರೆಂಟು ಬೇಕಾಗಿರ್ಲಿಲ್ಲ ಕಣಪ್ಪ" ಎಂದರು ಉಚ್ಚಂಗಮ್ಮ. ಹಾಗೆಂದರೂ ಒಂದೇ ಬೆರಳಿನಲ್ಲಿ ಅಂಕಿ ಒತ್ತುವುದನ್ನು ಒಂದೇ ವಾರದಲ್ಲಿ ಕಲಿತರು.

ಮರುವರ್ಷ ಜುಲೈನ ಒಂದು ಸೋಮವಾರ ಚೇತನ್ ಜೀಪಿನಲ್ಲಿ ಒಂದು ಚೀಲ ಹಾಕಿಕೊಂಡು ಬಂದ. ಮುಖ ಬಾಡಿತ್ತು. ಕಾರ್ಖಾನೆಯ ಪರೀಕ್ಷೆಯಲ್ಲಿ ಆ ಚೀಲದ ಕಾಯಿಯಲ್ಲಿ ಹೊಡೆಯಬಾರದ ಔಷಧಿ ಸಿಕ್ಕಿತ್ತು. ಚೀಟಿಯ ಮೇಲೆ ಇಪ್ಪತ್ತೇಳು, ಅಂದರೆ ನಾಗಕ್ಕನ ಹೊಲ. ಶುಕ್ರವಾರದೊಳಗೆ ಕಾರಣ ತಿಳಿಯದಿದ್ದರೆ ನಾಗಕ್ಕನ ನಂಬರು ರದ್ದು. ಈ ಕೇಂದ್ರದ ಲೆಕ್ಕವನ್ನೇ ನಂಬಲಾಗದು ಎಂದಾದರೆ ನಲವತ್ತಮೂರು ಮನೆಗಳ ಒಪ್ಪಂದವೂ ಅಲ್ಲಿಗೆ ಮುಗಿದಂತೆ.

ನಾಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. "ಔಷಧಿ ಹೊಡ್ಯಾಕೆ ನಮ್ಮನೇಲಿ ಪಂಪಾದ್ರೂ ಐತೇನ್ರಿ? ಬೇವಿನ ಹಿಂಡಿ ಬಿಟ್ರೆ ಬ್ಯಾರೆ ಕಂಡೋಳಲ್ಲ ನಾನು. ನಿಮ್ ಪೆಟ್ಟಿಗೆ ಸುಳ್ಳು ಹೇಳ್ತೈತೆ!"

"ಕಂಪ್ಯೂಟರ್ ಸುಳ್ಳು ಹೇಳೋದಿಲ್ಲ ನಾಗಕ್ಕ."

"ಹಂಗಾದ್ರೆ ನಾನು ಹೇಳ್ತೀನೇನು?"

ಉಚ್ಚಂಗಮ್ಮ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಚೀಲವನ್ನು ಗೋಣಿತಾಟಿನ ಮೇಲೆ ಸುರಿದರು. ಕಾಯಿ ಬಿಡಿಸಿದ ದಿನ ಜಿನುಗುಮಳೆ ಇತ್ತು, ತೊಟ್ಟಿನ ಸಂದಿನಲ್ಲಿ ಮಣ್ಣು ಒಣಗಿ ಕುಳಿತಿತ್ತು. ಒಂದೊಂದೇ ಕಾಯಿಯನ್ನು ಬೆಳಕಿಗೆ ಹಿಡಿದು ಎರಡು ರಾಶಿ ಮಾಡಿದರು. ದೊಡ್ಡ ರಾಶಿಯಲ್ಲಿ ಕಪ್ಪು ಮಣ್ಣು, ಸಣ್ಣ ರಾಶಿಯಲ್ಲಿ ಕೆಂಪು.

"ನಾಗಿ, ನಿನ್ನದು ಎರೆ ನೆಲ. ಈ ಕೆಮ್ಮಣ್ಣು ಎಲ್ಲಿಂದ ಬಂತು?"

ನಾಗಕ್ಕ ತಲೆ ಕೆರೆದುಕೊಂಡಳು. "ಅವತ್ತು ಚೀಲ ತುಂಬಿರ್ಲಿಲ್ಲ ಅಕ್ಕ. ಪಕ್ಕದ ಕೆಮ್ಮಣ್ಣು ಹೊಲದ ಜುಂಜಯ್ಯಣ್ಣ ಎರಡು ಪುಟ್ಟಿ ಸುರುದ."

ಹರಿಯಬ್ಬೆಯಲ್ಲಿ ಅರ್ಧ ಚೀಲ ಕಣದಿಂದ ಹೊರಡುವುದಿಲ್ಲ. ರಾಗಿಯಾಗಲಿ ಶೇಂಗಾ ಆಗಲಿ, ಒಬ್ಬರ ಚೀಲ ತುಂಬದಿದ್ದರೆ ಪಕ್ಕದ ಹೊಲದವರು ತುಂಬಿ ಬಾಯಿ ಹೊಲಿಯುವುದು ಅಜ್ಜನ ಕಾಲದ ರೂಢಿ. ಅದನ್ನು ಉಪಕಾರವೆಂದು ಸಹ ಯಾರೂ ಎಣಿಸುತ್ತಿರಲಿಲ್ಲ. ಹಾಗಾಗಿಯೇ ಯಾರೂ ಚೇತನ್‌ಗೆ ಹೇಳಿರಲಿಲ್ಲ.

ಉಚ್ಚಂಗಮ್ಮನಿಗೆ ತಮ್ಮದೂ ನೆನಪಾಯಿತು. ಹಿಂದಿನ ವಾರ ಪಕ್ಕದವರ ಚೀಲಕ್ಕೆ ತಾವೇ ತಮ್ಮ ಹೊಲದ ಒಂದು ಪುಟ್ಟಿ ಕಾಯಿ ಸುರಿದು, ತಾವೇ ಅವರ ನಂಬರು ಒತ್ತಿದ್ದರು. ಮುಚ್ಚಿಡುವುದು ಸುಲಭವಿತ್ತು.

"ಚೇತನ, ತಪ್ಪು ನಾಗಿದಲ್ಲ. ನಾನೂ ಹಂಗೇ ಮಾಡೀನಿ, ಎಲ್ಲಾರೂ ಮಾಡ್ಯಾರೆ. ಮೊದ್ಲು ನನ್ನ ಹೆಸರು ಬರ್ಕಾ."

ಜುಂಜಯ್ಯನನ್ನು ಕರೆಸಿದರು. ಊರಿಗೇ ದೊಡ್ಡ ಗಂಟಲಿನ ಮನುಷ್ಯ ಅಂದು ಪಿಸುಗುಟ್ಟಿದ: "ಮೆಣಸಿನ ಗಿಡಕ್ಕೆ ಹೊಡೆದ ಪಂಪು... ತೊಳೀದೆ ಸೌತೆಗೂ ಹೊಡೆದೆ ಅನ್ನಿಸ್ತೈತೆ."

"ಲೇ ಜುಂಜಣ್ಣ, ಕಾಯಿ ಕೊಟ್ಟೆ ಅಂತ ಹೊಗಳ್ತಿದ್ನಲ್ಲೋ, ಜೊತೆಗೆ ವಿಷಾನೂ ಕೊಟ್ಟಿದ್ಯಾ!" ಎಂದು ನಾಗಕ್ಕ ಸೊಂಟದ ಮೇಲೆ ಕೈಯಿಟ್ಟಳು. ಮೊದಲು ಕಿಸಕ್ಕೆಂದವಳೂ ಅವಳೇ. ಜುಂಜಯ್ಯನೂ ನಕ್ಕ.

ಚೇತನ್ ಮಾತ್ರ ನಗಲಿಲ್ಲ. "ಇನ್ನು ಮೇಲೆ ಯಾರ ಚೀಲಕ್ಕೂ ಯಾರೂ ಸುರಿಯೋ ಹಾಗಿಲ್ಲ."

"ಆಗಾಕಿಲ್ಲ" ಎಂದರು ಉಚ್ಚಂಗಮ್ಮ. "ಕುಂತ್ಕ ಇಲ್ಲಿ. ಮಂದೆ ಬೆರೀದಂಗೆ ಮೇಸಾಕಾಗ್ತದೇನು? ಅದಕ್ಕೇ ಒಂದೊಂದು ಮನೆಯೋರು ಕುರಿ ಕತ್ತಿಗೆ ಒಂದೊಂದು ಬಣ್ಣದ ಉಣ್ಣೆ ದಾರ ಕಟ್ಟಾದು. ಸಾಯಂಕಾಲ ನೋಡಿ ಬಿಡಿಸ್ಕಂತೀವಿ."

ಅವರು ಮನೆಗೆ ಹೋಗಿ ಕಂಬಳಿ ನೇಯ್ದು ಉಳಿದ ದಾರದ ಉಂಡೆಗಳನ್ನು ತಂದರು. ಬೇರೆಯವರ ಚೀಲಕ್ಕೆ ಸೇರಿಸುವ ಕಾಯಿಯನ್ನು ಸಣ್ಣ ಜಾಳಿಗೆ ಚೀಲದಲ್ಲಿ ಕಟ್ಟಬೇಕು, ಕೊಟ್ಟವರ ನಂಬರಿನ ಚೀಟಿಯೊಡನೆ ಅವರ ಮನೆಯ ದಾರವನ್ನೂ ಕಟ್ಟಬೇಕು. ಚೀಟಿ ನೆನೆದು ಅಳಿಸಿದರೂ ದಾರ ಉಳಿಯುತ್ತದೆ. ಒಂದೇ ಬಣ್ಣ ಬಂದ ಮನೆಗಳಿಗೆ ಗಂಟಿನ ಎಣಿಕೆ ಬೇರೆ. ಚೇತನ್ ಒಂದು ಗಂಟನ್ನು ಎಳೆದು ನೋಡಿದ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು 'ಕೂಡಿಸಿದವರು' ಎಂಬ ಹೊಸ ಕಲಂ ಸೇರಿಸಿದ.

ಗುರುವಾರ ಕಾರ್ಖಾನೆಯ ಹಿರಿಯ ಅಧಿಕಾರಿಗಳು ಬಂದು ಪರೀಕ್ಷೆಗೆಂದೇ ಹನ್ನೆರಡು ಚೀಲ ಸುರಿಸಿದರು, ಚೀಟಿಗಳನ್ನು ಮುಚ್ಚಿಟ್ಟರು. ಉಚ್ಚಂಗಮ್ಮ ದಾರ ನೋಡಿ ನಂಬರು ಹೇಳಿದರು, ಚೇತನ್ ಪರದೆ ನೋಡಿ ತಾಳೆ ಹಾಕಿದ. ಒಂದೂ ತಪ್ಪಲಿಲ್ಲ. ಜುಂಜಯ್ಯನ ಆ ತಿಂಗಳ ಕಾಯಿಯನ್ನು ಮಾತ್ರ ನಿಲ್ಲಿಸಿದರು. ನಾಗಕ್ಕನ ನಂಬರು ಉಳಿಯಿತು, ಒಪ್ಪಂದವೂ ಉಳಿಯಿತು. ಅಂದು ಕೇಂದ್ರದಲ್ಲೇ ಮಂಡಕ್ಕಿ ಒಗ್ಗರಣೆಯಾಯಿತು. ಜುಂಜಯ್ಯ ಎಲ್ಲರೆದುರು ಪಂಪನ್ನು ಮೂರು ಸಲ ತೊಳೆದ. ಪ್ರತಿ ಸಲವೂ ನಾಗಕ್ಕ ಮೂಸಿ ನೋಡಿ "ಇನ್ನೊಂದ್ಸಲ" ಎಂದಳು.

ಉಚ್ಚಂಗಮ್ಮ ಬಿಟ್ಟುಹೋದದ್ದು: ಗಂಡ, ಮಗಳು, ಮೂವತ್ತು ಕುರಿ. ಸಾಕ್ಷರತಾ ಕೇಂದ್ರದ ಸ್ಲೇಟು, ಒಂದು ಮೂಲೆ ಒಡೆದದ್ದು. ಕೀಲಿಮಣೆಗೆ ಧೂಳು ಬೀಳದಂತೆ ಹಳೆಯ ಸೀರೆಯಲ್ಲಿ ಹೊಲಿದ ಮುಸುಕು. ನಲವತ್ತಮೂರು ಮನೆಗಳ ದಾರದ ಉಂಡೆ ತುಂಬಿದ ಬಿದಿರುಬುಟ್ಟಿ, ಈಗ ನಾಗಕ್ಕನ ವಶದಲ್ಲಿ. ಮತ್ತು ತೀರಿಕೊಳ್ಳುವ ಹಿಂದಿನ ದಿನ ತಮ್ಮ ಹೊಲದಲ್ಲಿ ಬಿಡಿಸಿಟ್ಟ, ಒಂಬತ್ತನೇ ನಂಬರಿನ ಅರ್ಧ ಚೀಲ ಮಿಡಿಸೌತೆ. ಅದು ಮಣ್ಣು ಮಾಡಿದ ಮರುದಿನ ಹನ್ನೊಂದು ಬಣ್ಣದ ದಾರಗಳೊಡನೆ ಬಾಯಿತುಂಬಿ ಹೊರಟಿತು. 'ಕೂಡಿಸಿದವರು' ಕಲಂನಲ್ಲಿ ಹನ್ನೊಂದು ನಂಬರುಗಳೂ ದಾಖಲಾಗಿವೆ, ಮೊದಲನೆಯದು ಜುಂಜಯ್ಯನದು.