ಅಬು ಮಿಶಾಲನ ಎತ್ತರದ ಕಾರು

ಅಬು ಮಿಶಾಲ್ ತನ್ನ ಕರಿ ಜರ್ಮನ್ ಸೆಡಾನನ್ನು ಮಾರಿದ ದಿನ ಸಲ್ತ್ ಊರಿನ ಅರ್ಧ ಜನ ಅವನಿಗೆ ತಲೆ ಕೆಟ್ಟಿದೆ ಅಂದರು. ಉಳಿದರ್ಧ ಜನಕ್ಕೆ ಸುದ್ದಿ ತಡವಾಗಿ ಮುಟ್ಟಿತು, ಅಷ್ಟೇ.

ಅವನು ನನ್ನ ಚಿಕ್ಕಪ್ಪನ ಮಗ, ನನ್ನ ಓರಗೆಯವನು. ಸರ್ವೆ ಇಲಾಖೆಯಲ್ಲಿ ಜೀವನವಿಡೀ ಊರವರ ಜಮೀನು ಅಳೆದು ನಿವೃತ್ತನಾದವನು. ಮಾತು ಕಡಿಮೆ, ಆಸ್ತಿ ಇನ್ನೂ ಕಡಿಮೆ. ಯಾವುದೋ ರಾಯಭಾರ ಕಚೇರಿ ಹರಾಜಿಗಿಟ್ಟಿದ್ದ ಆ ಕಾರೊಂದೇ ಅವನ ಸಿರಿ. ಹೆಣ್ಣು ಕೇಳಲು ನಮ್ಮವರ ಜಾಹಾ, ಅಂದರೆ ಗಂಡಿನ ಕಡೆಯ ಹಿರಿಯರ ದಂಡು, ಹೊರಟಿತೆಂದರೆ, ಸಾಲಿನ ಮೊದಲ ಕಾರು ಅವನದು. ಮುಂದಿನ ಸೀಟಿನಲ್ಲಿ ಎಲ್ಲರ ಪರವಾಗಿ ಮಾತಾಡುವ ಹಿರಿಯರು. ಹಿರಿಯರನ್ನು ಕರೆತಂದವನನ್ನು ಹೆಣ್ಣಿನ ಮನೆಯವರು ಬಾಗಿಲ ಹತ್ತಿರ ಕೂರಿಸುತ್ತಾರೆಯೇ? ಕಾಫಿ ಬಟ್ಟಲು ಹಿರಿಯರ ನಂತರ ಅವನಿಗೇ ಬರುತ್ತಿತ್ತು. ಇದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಬಾಗಿಲ ಹತ್ತಿರ ಕೂರುತ್ತಿದ್ದವನು ನಾನು.

ಅವನ ಹೆಂಡತಿ ಉಮ್ಮ್ ಮಿಶಾಲ್ ಆ ಕಾರಿನಲ್ಲಿ ಯಾವಾಗಲೂ ಹಿಂದೆ. ಮುಂದಿನ ಸೀಟಿಗೆ ಯಾವಾಗಲೂ ಯಾರೋ ಒಬ್ಬ ದೊಡ್ಡವರಿರುತ್ತಿದ್ದರು.

ಎರಡು ವರ್ಷದ ಕೆಳಗೆ ಅವಳು ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು, ಕೋಲು ಹಿಡಿದು ನಡೆದಳು ಕೂಡ. ಆದರೆ ನೆಲಕ್ಕಂಟಿದ ಆ ಕಾರಿನೊಳಗೆ ಬಗ್ಗಿ ಕೂರುವುದು ಮಾತ್ರ ಅವಳಿಂದ ಆಗಲಿಲ್ಲ. ಮಾದಬಾದಲ್ಲಿ ಅವಳ ಅಣ್ಣ ತೀರಿಕೊಂಡಾಗ ನಾವು ಮೂವರು ಸೇರಿ ಅವಳನ್ನು ಒಳಗೆ ತುರುಕಲು ನೋಡಿದೆವು. ಅವಳು ಕಿರುಚಿದಳು.

"ಬಿಟ್ಬಿಡ್ರೋ ನನ್ನ! ನಾನೇನು ಗೋಧಿ ಮೂಟೆನಾ?"

ಅಣ್ಣನ ಮುಖ ನೋಡದೆ, ಅಂಗಳದ ಕುರ್ಚಿಯಲ್ಲೇ ಕೂತು ಅತ್ತಳು. ಆ ವಾರವೇ ಅಬು ಮಿಶಾಲ್ ಸೆಡಾನು ಮಾರಿ ಬಿಳಿ ಹೈಬ್ರಿಡ್ ಎಸ್‌ಯುವಿ ತಂದ. ಅದರ ಸೀಟು ಅವಳ ಸೊಂಟದ ಮಟ್ಟಕ್ಕೆ ಸರಿಯಾಗಿತ್ತು. ಬಾಗಿಲ ಮೇಲಿನ ಹಿಡಿ ಹಿಡಿದು, ಹಿಂದಕ್ಕೆ ಒರಗಿ, ತಾನೇ ಕೂತಳು.

ನಾವು ಸುಮ್ಮನಿರಲಿಲ್ಲ. "ಏನಪ್ಪಾ, ಸ್ಟಾರ್ಟ್ ಆಗಿದ್ಯಾ, ಇಲ್ಲಾ ತಳ್ಬೇಕಾ?" ಅಂದೆ ನಾನು. ಇಂಜಿನ್ನಿನ ಸದ್ದೇ ಇರಲಿಲ್ಲ.

"ತಳ್ಳು. ನಿನ್ನ ಬೆನ್ನಿಗೂ ಸ್ವಲ್ಪ ಕೆಲಸ ಸಿಗ್ಲಿ," ಅಂದ. ನಗಲಿಲ್ಲ.

ಆಮೇಲೆ ಜಾಹಾಗಳು ಹೊರಟವು, ಅವನಿಗೆ ಕರೆ ಬರಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂರುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ: "ಇಷ್ಟು ವರ್ಷ ಕರೀತಿದ್ದಿದ್ದು ನನ್ನನ್ನಲ್ಲ, ಅಲ್ವೇನೋ?" ನಾನು ಚಹಾ ಬಹಳ ಸಿಹಿಯಾಯಿತು ಅಂತ ಗೊಣಗಿದೆ. ಅವನು ಬಳಲಿದ್ದ. ಕಾರು ಕೊಂಡವರ ಮುಖ ಹಾಗಿರುವುದಿಲ್ಲ.

ಈ ವಸಂತದಲ್ಲಿ ರಾಕಾನನ ಜಾಹಾ ಬಂತು. ರಾಕಾನ್ ಉಮ್ಮ್ ಮಿಶಾಲಳ ಸತ್ತ ತಂಗಿಯ ಮಗ. ಅವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಕಸೂತಿಯ ನಿಲುವಂಗಿ ತೊಟ್ಟು, ಹೆಣ್ಣಿನ ಮನೆಯ ಹೆಂಗಸರ ಕೋಣೆಗೆಂದು ಅವಳೂ ಹೊರಟಳು. ಎಸ್‌ಯುವಿ ಸಾಲಿನ ಕೊನೆಯಲ್ಲಿತ್ತು. ಅವಳು ಮುಂದೆ, ನಾನು ಹಿಂದೆ.

ಎಲ್ಲ ಹೊರಡಬೇಕು, ಅಷ್ಟರಲ್ಲಿ ಮಾತಾಡುವ ಹಿರಿಯರು ಹಾಜ್ ದೈಫುಲ್ಲಾ ಮೊದಲ ಕಾರಿಂದ ಇಳಿದು, ಕುಂಟುತ್ತಾ, ಇಡೀ ಸಾಲು ದಾಟಿ ನಮ್ಮ ಹತ್ತಿರ ಬಂದರು.

"ಅಬು ಮಿಶಾಲ್, ಆ ತಗ್ಗು ಕಾರಲ್ಲಿ ನನ್ನ ಮಂಡಿ ಹೋಯ್ತಪ್ಪ. ನಿಂದು ಎತ್ತರ ಇದೆ. ತಗೊಂಡು ಬಾ ಮುಂದಕ್ಕೆ, ನಿನ್ನ ಜೊತೆ ಬರ್ತೀನಿ."

ಎಲ್ಲ ಕಾರುಗಳಿಂದ ತಲೆಗಳು ಹೊರಬಂದವು. ನನಗೇ ಎದೆ ಉಬ್ಬಿತು. ಅವನು ಕಾದದ್ದು ಇದಕ್ಕೇ ಅಲ್ಲವೇ?

ಉಮ್ಮ್ ಮಿಶಾಲ್ ಅಷ್ಟರಲ್ಲೇ ಬೆಲ್ಟು ಬಿಚ್ಚಿ, ಬಾಗಿಲು ತೆಗೆದು, ಕಾಲು ಹೊರಗಿಟ್ಟಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಕೆಟ್ಟ ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು. ಅಬು ಮಿಶಾಲ್ ಆ ಕಾಲನ್ನೇ ನೋಡಿದ.

"ಹಾಜ್, ಹಿಂದೆ ಕೂತ್ಕೊಳ್ಳಿ," ಅಂದ. "ಹಿಂದಿನ ಸೀಟೂ ಎತ್ತರವೇ ಇದೆ. ಮುಂದೆ ಇವಳು ಕೂತಿದ್ದಾಳೆ."

ಹಾಜ್ ದೈಫುಲ್ಲಾ ಬಯ್ಯಲಿಲ್ಲ. ಗಡ್ಡ ಸವರಿಕೊಂಡು, ಬಂದ ದಾರಿಯಲ್ಲೇ ಕುಂಟುತ್ತಾ ಹಿಂದಿರುಗಿದರು. ಮುಂದಿನ ಕಾರಿನವನೊಬ್ಬ "ಥೂ, ನಾಚಿಕೆ ಆಗ್ಬೇಕು!" ಅಂದದ್ದು ಎಲ್ಲರಿಗೂ ಕೇಳಿಸಿತು. ಇನ್ನು ಯಾವ ಜಾಹಾಕ್ಕೂ ಇವನನ್ನು ಕರೆಯುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಅವನಿಗೂ.

"ನಿಂಗೇನು ಹುಚ್ಚಾ?" ಉಮ್ಮ್ ಮಿಶಾಲ್ ಅಳುತ್ತಾ ಜಗಳಕ್ಕಿಳಿದಳು. "ಹಿಂದೆ ಕೂತ್ರೆ ನಾನು ಸಾಯ್ತಿದ್ನಾ? ಯಾವತ್ತೂ ಅಲ್ಲೇ ಅಲ್ವಾ ಕೂತಿದ್ದು!"

"ಗೊತ್ತು," ಅಂದ ಅವನು.

ಮುಂದಿನ ಕಾರುಗಳು ಹೊರಟವು. ಬೆಲ್ಟು ಹಾಕಿಲ್ಲವೆಂದು ಕಾರು ಕೀಂ ಕೀಂ ಅಂತ ಬಡಿದುಕೊಳ್ಳುತ್ತಿತ್ತು. ಅವಳು ಮೂಗು ಒರೆಸಿಕೊಂಡು, ಬಯ್ಯುವುದನ್ನು ನಿಲ್ಲಿಸದೆಯೇ, ಕಾಲು ಒಳಗೆಳೆದುಕೊಂಡು, ಬಾಗಿಲು ಮುಚ್ಚಿ, ಬೆಲ್ಟು ಹಾಕಿಕೊಂಡಳು.