ಜುಮಾನನ ನಡಿಗೆ

ಸೆಗು ಪಟ್ಟಣದ ಹೊಳೆಬದಿಯ ಕೇರಿಯಲ್ಲಿ ನ್ಯೆಲೆಯ ಕೈ ನೋಡಿದವರು ಅವಳ ಕಸುಬು ಏನೆಂದು ಕೇಳುವುದಿಲ್ಲ. ಹೊಳೆಯ ಕೆಸರಿನಿಂದ ಬಟ್ಟೆಯ ಮೇಲೆ ಚಿತ್ತಾರ ಬರೆಯುವವಳು. ಉಗುರಿನ ಸಂದಿಯ ಕಪ್ಪು ಮದುವೆಯಾಗಿ ಬಂದಾಗಿನಿಂದ ಹೋಗಿಲ್ಲ. ಬರೆದು, ಒಣಗಿಸಿ, ಹೊಳೆಯಲ್ಲಿ ತೊಳೆದು, ಮತ್ತೆ ಅದೇ ಗೆರೆಯ ಮೇಲೆ ಬರೆಯಬೇಕು. ಅವಸರ ಮಾಡಿದರೆ ಬಣ್ಣ ಕೂರುವುದಿಲ್ಲ. ಈ ಕೆಲಸದಿಂದಲೇ ಅವಳಿಗೆ ಅಷ್ಟು ತಾಳ್ಮೆ ಬಂತೆಂದು ಕೇರಿಯವರು ಹೊಗಳುತ್ತಾರೆ. ಹೊಗಳುವವರ ಗಂಟೇನು ಹೋಗುತ್ತದೆ? ಮಗನ ದಾರಿ ಕಾಯುವುದಕ್ಕೂ ಬಟ್ಟೆ ಒಣಗುವುದನ್ನು ಕಾಯುವುದಕ್ಕೂ ವ್ಯತ್ಯಾಸವಿದೆ. ಬಟ್ಟೆ ಒಣಗಿಯೇ ಒಣಗುತ್ತದೆ.

ಅವಳ ಮಗ ಜುಮಾನ ದಿಯಾರಾ ಯುರೋಪಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ಹೀಗೆಂದ ಕೂಡಲೇ ಟಿವಿ, ದೊಡ್ಡ ಕಾರು, ಊರಿಗೊಂದು ಮಸೀದಿ ಕಟ್ಟಿಸಿದವ ಎಂದೆಲ್ಲ ಅಂದುಕೊಳ್ಳಬೇಡಿ. ಆ ಆಟಗಾರರು ಬೇರೆ. ಜುಮಾನನ ಆಟ ಟಿವಿಯಲ್ಲಿ ಬಂದಿದ್ದನ್ನು ಸೆಗುವಿನಲ್ಲಿ ಯಾರೂ ಕಂಡಿಲ್ಲ. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಪೋರ್ಚುಗಲ್ಲಿಗೆ ಹೋದ. ಅಲ್ಲಿಂದ ಪೋಲೆಂಡು, ಅಲ್ಲಿಂದ ಸೈಪ್ರಸ್, ಮತ್ತೆ ಪೋಲೆಂಡು, ಈಗ ಸ್ಲೊವಾಕಿಯ. ಆ ತಂಡಗಳ ಹೆಸರಿಗೆ ನ್ಯೆಲೆಯ ನಾಲಿಗೆ ಹೊರಳುವುದಿಲ್ಲ. ಮೀನಿನೂರು, ಹಿಮದೂರು, ನಡುಗಡ್ಡೆ ಎಂದು ತಾನೇ ಹೆಸರಿಟ್ಟುಕೊಂಡಿದ್ದಾಳೆ. ಪೋಲೆಂಡಿಗೆ ಎರಡನೇ ಸಲ ಹೋದಾಗ ಅದು ಇನ್ನೂ ದೊಡ್ಡ ಹಿಮದೂರಾಯಿತು.

ಎಲ್ಲ ಕಡೆಯೂ ಅವನಿಗೆ ಸಿಗುವುದು ಒಂದು ವರ್ಷದ ಒಪ್ಪಂದ. ಬೇಸಿಗೆಯ ಬಿಡುವು ಬಂತೆಂದರೆ ಉಳಿದ ಆಟಗಾರರು ಚೀಲ ಕಟ್ಟಿಕೊಂಡು ತಂತಮ್ಮ ಊರಿಗೆ ಹೊರಡುತ್ತಾರೆ. ಇವನು ಚೀಲ ಕಟ್ಟಿಕೊಂಡು ಇನ್ನೊಂದು ತಂಡದ ಬಾಗಿಲಿಗೆ ಹೋಗುತ್ತಾನೆ. ಅಲ್ಲಿ ತನಗಿಂತ ಎಳೆಯರ ಜೊತೆ ಓಡಿ, ಹಾರಿ, ಬಿದ್ದು, ಇನ್ನೂ ಕಸುವಿದೆ ಎಂದು ತೋರಿಸಬೇಕು. ಊರಿಗೆ ಬರಲು ಇರುವುದು ಆ ತಿಂಗಳುಗಳು ಮಾತ್ರ, ಅನ್ನ ಹುಡುಕಲು ಇರುವುದೂ ಅವೇ. ಹಾಗಾಗಿ ಹೋದವನು ಒಮ್ಮೆಯೂ ಬಂದಿರಲಿಲ್ಲ. ಅಪ್ಪ ತೀರಿಕೊಂಡ ದಿನ ಸಂಜೆಯೊಳಗೆ ಮಣ್ಣಾಯಿತು. ಯಾವ ವಿಮಾನ ಹತ್ತಿದರೂ ಅವನಿಗೆ ಅಪ್ಪನ ಮುಖ ಸಿಗುತ್ತಿರಲಿಲ್ಲ. ಆಮೇಲೆ ಬರುವುದಕ್ಕೂ ಆಗಲಿಲ್ಲ.

ಫೋನಿನಲ್ಲಿ ಮುಖ ಕಾಣುತ್ತದೆ. ಹಣೆ, ಮೂಗು, ನಗು. ಮೊದಮೊದಲು ಅದೇ ದೊಡ್ಡ ಸಂಗತಿಯಾಗಿತ್ತು. ವರ್ಷ ಕಳೆದಂತೆ ಆ ಬರೀ ಮುಖವನ್ನು ನೋಡಿ ಅವಳ ಹಸಿವು ಇನ್ನಷ್ಟು ಕೆರಳತೊಡಗಿತು. ಊಟಕ್ಕೆ ಕೂತವನಿಗೆ ಸಾರಿನ ವಾಸನೆ ಮಾತ್ರ ಬಡಿಸಿದರೆ ಹೇಗಿರುತ್ತದೆ?

ನ್ಯೆಲೆಯ ಗೋಡೆಯಾಚೆ ಬಾತೊಮಾ ತ್ರಾವೊರೆಯ ಮನೆ. ಬಸ್ಸು ನಿಲ್ಲುವಲ್ಲಿ ಅಲಸಂದೆ ವಡೆ ಕರಿದು ಮಾರುವ ಹೆಂಗಸು. ಬಾಯಿ ಎಂದರೆ ಬೊಂಬಾಯಿ. ತ್ರಾವೊರೆಗಳಿಗೂ ದಿಯಾರಾಗಳಿಗೂ ಅಜ್ಜನ ಅಜ್ಜಂದಿರ ಕಾಲದಿಂದ ಕೀಟಲೆಯ ನಂಟು. ಒಬ್ಬರು ಇನ್ನೊಬ್ಬರನ್ನು ಜೀತದಾಳು ಅನ್ನಬಹುದು, ಕಳ್ಳ ಅನ್ನಬಹುದು, ಅಲಸಂದೆ ತಿಂದು ಹೂಸು ಬಿಡುವವರು ಅನ್ನಬಹುದು. ಕೋಪ ಮಾಡಿಕೊಳ್ಳುವ ಹಕ್ಕು ಮಾತ್ರ ಯಾರಿಗೂ ಇಲ್ಲ, ಕ್ಷಮೆ ಕೇಳುವ ಪದ್ಧತಿಯೂ ಇಲ್ಲ. ಒಂದು ಮನೆಯಲ್ಲಿ ಸಾವಾದರೆ ಇನ್ನೊಂದು ಮನೆಯವರು ಸತ್ತವರ ಬಟ್ಟೆ ತೊಟ್ಟು, ಅವರಂತೆಯೇ ನಡೆದು, ಮಾತಾಡಿ, ಅಳುವವರನ್ನು ನಗಿಸಬೇಕು. ನ್ಯೆಲೆಯ ಗಂಡ ಹೋದಾಗ ಬಾತೊಮಾ ಅವನ ಟೋಪಿ ಇಟ್ಟುಕೊಂಡು, ಅವನಂತೆ ಕೆಮ್ಮಿ, "ಸಾರಿನ ಉಪ್ಪು ಯಾರಪ್ಪನ ಮನೆಗೆ ಹೋಯ್ತೇ?" ಎಂದಿದ್ದಳು. ಅಷ್ಟು ದುಃಖದಲ್ಲೂ ನ್ಯೆಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ಅದೆಲ್ಲ ಆದಮೇಲೆ ನ್ಯೆಲೆಯ ಮಗಳು ಕೊರೊತಿಮಿಯ ಮದುವೆ ಗೊತ್ತಾಯಿತು. ಅಣ್ಣ ಬರಲೆಂದು ದಿನವನ್ನು ಮುಂದೆ ಹಾಕಿದರು, ಮತ್ತೊಮ್ಮೆ ಮುಂದೆ ಹಾಕಿದರು. ಗಂಡಿನ ಕಡೆಯವರು ಗೊಣಗಿದರು. ನ್ಯೆಲೆ ಕಿವಿಗೆ ಹಾಕಿಕೊಳ್ಳಲಿಲ್ಲ. ಜುಮಾನ ಈ ಸಲ ಬಂದೇ ಬರುತ್ತೇನೆ ಎಂದಿದ್ದ. ಅವಳು ಅವನಿಗೆಂದು ಒಂದು ಬಟ್ಟೆ ಬರೆದಳು. ಅಳತೆ ಗೊತ್ತಿಲ್ಲದ್ದರಿಂದ ಹೊಲಿಸದೆ ಹಾಗೇ ಮಡಿಸಿಟ್ಟಳು.

ಮದುವೆಗೆ ವಾರವೂ ಇಲ್ಲ ಎನ್ನುವಾಗ ಫೋನ್ ಬಂತು.

"ಅವ್ವ, ಒಂದು ತಂಡದೋರು ನೋಡ್ತೀವಿ ಬಾ ಅಂದಿದಾರೆ. ಈ ವಾರಾನೇ."

"ಮುಂದಿನ ವಾರ ಬರ್ತೀನಿ ಅನ್ನು."

"ಹಂಗೆಲ್ಲ ಆಗಲ್ಲ ಅವ್ವ. ಬಾಗಿಲಾಚೆ ಸಾಲು ನಿಂತಿರತ್ತೆ. ನಾನು ಬಿಟ್ರೆ ಹಿಂದಿನೋನು ಒಳಗೆ."

"ತಂಗಿ ಮದುವೆ ಕಣಪ್ಪ."

"ನಂಗ್ ಗೊತ್ತಿಲ್ವಾ ಅವ್ವ?" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನ್ಯೆಲೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಫೋನ್ ಇಟ್ಟಳು. ತಾಯಿಯಾದವಳು ಬೇರೇನು ಹೇಳಲಿಕ್ಕಾಗುತ್ತದೆ?

ಮದುವೆಯ ದಿನ ಅಂಗಳದ ತುಂಬ ಹೆಂಗಸರು. ಡೋಲು, ಹಾಡು, ಬೋಗುಣಿಗಟ್ಟಲೆ ಅನ್ನ, ಹೊಳೆ ಮೀನಿನ ಸಾರು. ನ್ಯೆಲೆ ಹೊಸ ಬಟ್ಟೆ ತೊಟ್ಟು ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಕಣ್ಣು ಮಾತ್ರ ಮತ್ತೆ ಮತ್ತೆ ಬೀದಿ ಬಾಗಿಲಿಗೆ ಹೋಗುತ್ತಿತ್ತು. ಬರುವುದಿಲ್ಲ ಎಂದು ಗೊತ್ತಿದ್ದರೂ ಕಣ್ಣಿಗೆ ಬುದ್ಧಿ ಹೇಳುವವರು ಯಾರು? ಬಾತೊಮಾ ಇದನ್ನು ನೋಡಿದಳು. ನೋಡಲಾರದೆ ಒಳಗೆ ಹೋಗಿ ಪೆಟ್ಟಿಗೆ ಕೆದಕಿ, ಜುಮಾನ ಹುಡುಗನಾಗಿದ್ದಾಗ ಕೇರಿಯ ತಂಡಕ್ಕೆ ಆಡುತ್ತಿದ್ದ ಹಸಿರು ಅಂಗಿ ತೊಟ್ಟು ಹೊರಗೆ ಬಂದಳು. ಅಂಗಿ ಅವಳ ಹೊಟ್ಟೆಯ ಮೇಲೆ ಅರ್ಧಕ್ಕೇ ನಿಂತಿತ್ತು.

ಕಾಲಿನ ಹೆಬ್ಬೆರಳು ಒಳಕ್ಕೆ ತಿರುಗಿಸಿ, ಒಂದು ಭುಜ ಎತ್ತಿ ಕುಣಿಸುತ್ತಾ, ಕುಪ್ಪಳಿಸಿದ ಹಾಗೆ ನಡೆದಳು. ಇಲ್ಲದ ಚೆಂಡನ್ನು ಒದ್ದು, ಗುರಿ ತಪ್ಪಿದವನಂತೆ ಕಿವಿ ಜಗ್ಗಿಕೊಂಡಳು. ನಿಂತೇ ಬೋಗುಣಿಗೆ ಕೈ ಹಾಕಿ, "ಅವ್ವ, ಇನ್ನೊಂದೇ ತುತ್ತು, ಆಟಕ್ಕೆ ಹೊತ್ತಾಯ್ತು" ಎಂದಳು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ನ್ಯೆಲೆಗೂ ನಗು ತಡೆಯಲಿಲ್ಲ. ಅದು ಜುಮಾನನೇ. ಆ ಭುಜ, ಆ ಕಾಲು, ಆ ಹಸಿವು. ಎಷ್ಟೋ ವರ್ಷಗಳ ಮೇಲೆ ಮಗ ತಲೆಯಿಂದ ಪಾದದವರೆಗೆ ಅಂಗಳದಲ್ಲಿ ಓಡಾಡಿದ ಹಾಗಾಯಿತು.

ಆಗ ಗಂಡಿನ ಕಡೆಯ ಹಿರಿಯ ಅತ್ತೆಯೊಬ್ಬಳು, ದೂರದ ಸಾನ್ ಊರಿನವಳು, ಮೆಲ್ಲಗೆ ಎದ್ದು ಬಂದು ನ್ಯೆಲೆಯ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಅವನು ಮಲಗಿದ ನೆಲ ತಂಪಾಗಿರ್ಲಿ ತಾಯಿ. ನಮಗೆ ಯಾರೂ ಹೇಳ್ಲೇ ಇಲ್ಲ. ಹೋಗಿ ಎಷ್ಟು ದಿನ ಆಯ್ತು?"

ಆ ಮುದುಕಿಯದು ತಪ್ಪಿಲ್ಲ. ತ್ರಾವೊರೆಯವಳು ದಿಯಾರಾ ಹುಡುಗನ ಅಂಗಿ ತೊಟ್ಟು ಅವನಂತೆ ನಡೆದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ನ್ಯೆಲೆ ಮುದುಕಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ಬದುಕಿದಾನಮ್ಮ," ಎಂದಳು. "ಆಡ್ತಾ ಇದಾನೆ. ದೂರದಲ್ಲಿ."

ಮುದುಕಿ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಪಕ್ಕದಲ್ಲೇ ಇದ್ದ ಬಾತೊಮಾ ಅಂಗಿ ಕಳಚಲು ಹೋದಳು. ಅದು ತೋಳಿಗೆ ಸಿಕ್ಕಿಕೊಂಡಿತು. ನ್ಯೆಲೆಯೇ ಎಳೆದು ಬಿಡಿಸಿದಳು.

ಜನ ಕರಗಿದ ಮೇಲೆ ಇಬ್ಬರೂ ಪಾತ್ರೆ ತೊಳೆಯಲು ಕೂತರು.

"ತಪ್ಪಾಯ್ತು ಕಣೇ," ಎಂದಳು ಬಾತೊಮಾ.

"ನೀನು ತಪ್ಪಾಯ್ತು ಅಂದ್ರೆ ನಂಗೆ ಭಯ ಆಗತ್ತೆ. ಬೈಯೇ."

"ಬಾಯಿಗೆ ಬರ್ತಿಲ್ಲ."

"ಹಂಗಾದ್ರೆ ಸುಮ್ನೆ ಪಾತ್ರೆ ಉಜ್ಜು, ಜೀತದವಳೇ."

ಮಾರನೇ ದಿನ ಮಧ್ಯಾಹ್ನ ಜುಮಾನನ ಫೋನ್ ಬಂತು. ತಂಗಿಯ ಸಮಾಚಾರ ಕೇಳಿದ, ಅಡುಗೆ ಏನೇನಿತ್ತು ಎಂದು ಕೇಳಿದ. ಕೊನೆಗೆ ಹೇಳಿದ: "ತಗೊಂಡ್ರು ಅವ್ವ. ಕೆಳಗಿನ ದರ್ಜೆ ತಂಡ. ಆದ್ರೂ ಒಂದು ವರ್ಷಕ್ಕೆ ಚಿಂತೆ ಇಲ್ಲ."

ತಗೊಳ್ಳದಿದ್ದರೆ ಮಗ ಮನೆಗೆ ಬರುತ್ತಿದ್ದ ಎಂಬುದೇ ನ್ಯೆಲೆಗೆ ಮೊದಲು ಹೊಳೆದದ್ದು. ಹೆತ್ತ ಹೊಟ್ಟೆ ಇಂಥದ್ದನ್ನೂ ಬಯಸುತ್ತದಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ದೇವರು ದೊಡ್ಡವನು ಎಂದಳು. ಆಮೇಲೆ ಹೇಳಿದಳು:

"ಆ ಫೋನ್ ಎಲ್ಲಾದ್ರೂ ಒರಗಿಸಿಡು. ಎದ್ದು ನಡಿ, ನೋಡ್ತೀನಿ."

"ಯಾಕವ್ವ? ಹೆಣ್ಣು ನೋಡೋಕೆ ಬಂದೋರ ಥರ ಕೇಳ್ತಿದೀಯಲ್ಲ."

"ನಡಿ ಅಂದ್ರೆ ನಡಿಯೋ."

ಮುಖ ದೂರ ಸರಿಯಿತು. ಕಟ್ಟಡದೊಳಗಿನ ಉದ್ದನೆಯ ಬಿಳಿ ಓಣಿ, ಸಾಲು ಬಾಗಿಲು. ಅದರ ನಡುವೆ ಅಗಲ ಬೆನ್ನಿನ ಗಂಡಸೊಬ್ಬ ನಡೆದುಹೋದ. ಹೆಬ್ಬೆರಳು ಒಳಕ್ಕೆ ತಿರುಗಿರಲಿಲ್ಲ. ಭುಜ ಕುಣಿಯಲಿಲ್ಲ. ಎಡ ಮೊಣಕಾಲನ್ನು ಪ್ರತಿ ಸಲವೂ ಕೇಳಿ ಕೇಳಿ ಕಾಲೂರುವವನಂತೆ, ನೆಲವನ್ನು ನಂಬದವನಂತೆ, ನಿಧಾನವಾಗಿ, ಸಮನಾಗಿ ಹೆಜ್ಜೆ ಇಟ್ಟ. ಅವಳಿಗೆ ಗೊತ್ತಿದ್ದ ಯಾರ ನಡಿಗೆಯೂ ಅದಾಗಿರಲಿಲ್ಲ.

ನಿನ್ನೆ ಅಂಗಳದಲ್ಲಿ ಕುಪ್ಪಳಿಸಿದ ಹುಡುಗ ಈಗ ಯಾವ ಊರಿನಲ್ಲೂ ಇಲ್ಲ ಎಂದು ಅವಳಿಗೆ ತಿಳಿಯಿತು. ಸಾನ್ ಊರಿನ ಮುದುಕಿ ಹೇಳಿದ್ದರಲ್ಲಿ ಅಷ್ಟಂತೂ ನಿಜ. ಇಷ್ಟು ವರ್ಷ ಅವಳು ದಾರಿ ಕಾದದ್ದು ಆ ಹುಡುಗನಿಗಾಗಿ. ಈ ಗಂಡಸಿನ ದಾರಿಯನ್ನು ಅವಳಿನ್ನೂ ಕಾಯಲು ಶುರುಮಾಡಿರಲಿಲ್ಲ.

ಅವನು ತಿರುಗಿ ಬಂದು ಬಗ್ಗಿದ. ಮುಖ ಮತ್ತೆ ತುಂಬಿಕೊಂಡಿತು. "ಸಾಕಾ ಅವ್ವ? ನೋಡಿದ್ಯಾ?"

"ಸಾಕಾಗ್ಲಿಲ್ಲ," ಎಂದಳು ನ್ಯೆಲೆ. "ಇನ್ನೊಂದ್ಸಲ ನಡಿ ಮಗ. ಈ ಸಲ ಈ ಕಡೆಗೆ ಬಾ."