ಶ್ರೀದೇವಿಯ ಬ್ಯಾಗಿನಲ್ಲಿದ್ದ ವರದಿ

ಬ್ಯಾಡಗಿಯ ಶ್ರೀದೇವಿ ರಾಣೆಬೆನ್ನೂರಿನ ಖಾಸಗಿ ಆಸ್ಪತ್ರೆಯಲ್ಲಿ ಏನು ಕೆಲಸ ಮಾಡುತ್ತಾಳೆ ಎಂಬುದು ಹದಿಮೂರು ವರ್ಷವಾದರೂ ಅವಳ ಅತ್ತೆ ನೀಲಗಂಗವ್ವನಿಗೆ ತಿಳಿದಿಲ್ಲ. "ಕಂಪ್ಯೂಟರ್ ಕುಟ್ಟತಾಳ" ಎಂದು ಓಣಿಯವರಿಗೆ ಹೇಳಿ ಮುಗಿಸುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ರೋಗಿ ಮನೆಗೆ ಹೋದ ಮೇಲೆ ಅವನ ಫೈಲು ದಾಖಲೆ ಕೋಣೆಗೆ ಬರುತ್ತದೆ. ಡಾಕ್ಟರು ಬರೆದದ್ದನ್ನು ಓದಿ, ಆ ರೋಗಕ್ಕೆ ಜಗತ್ತೆಲ್ಲ ಒಪ್ಪಿದ ಒಂದು ಸಂಖ್ಯೆ ಹಾಕುವುದು ಶ್ರೀದೇವಿಯ ಕೆಲಸ. ದೊಡ್ಡ ಕರುಳಿನ ಕ್ಯಾನ್ಸರ್ ಅಂದರೆ ಸಿ ಹದಿನೆಂಟು. ಚುಕ್ಕೆಯ ಮುಂದಿನ ಅಂಕಿ ಕರುಳಿನ ಯಾವ ಭಾಗ ಎಂಬುದನ್ನು ಹೇಳುತ್ತದೆ. ಬರೀ ಗಂಟಾದರೆ ಕೆ ಅರವತ್ತಮೂರು. ಡಾಕ್ಟರು ಬರೆಯದ್ದನ್ನು ಅವಳು ಬರೆಯುವಂತಿಲ್ಲ, ಅನುಮಾನವಿದ್ದರೆ ಚೀಟಿ ಹಚ್ಚಿ ಅವರನ್ನೇ ಕೇಳಬೇಕು. ಕೇಳಿದರೆ ಅವರಿಗೆ ಸಿಟ್ಟು, ಕೇಳದಿದ್ದರೆ ಫೈಲಿಗೆ ಕುತ್ತು. ಅತ್ತ ದರಿ, ಇತ್ತ ಪುಲಿ.

ಅವಳ ಸಂಖ್ಯೆಗಳನ್ನು ನೋಡಿಯೇ ಕಂಪ್ಯೂಟರು ಪ್ರತಿ ತಿಂಗಳೂ ಒಂದು ಪಟ್ಟಿ ತೆಗೆಯುತ್ತದೆ. ಸಿ ಹದಿನೆಂಟು ಇದ್ದವರಿಗೆಲ್ಲ ಆಸ್ಪತ್ರೆಯಿಂದ ಫೋನು ಹೋಗುತ್ತದೆ, ತಪಾಸಣೆಗೆ ಬನ್ನಿ ಎಂದು. ಕೆ ಅರವತ್ತಮೂರರವರಿಗೆ ಹೋಗುವುದಿಲ್ಲ.

ಹೋದ ವರ್ಷ ಲಕ್ಷ್ಮಪ್ಪ ಎಂಬ ಹಮಾಲ ಬಂದಿದ್ದ. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವವನು. ಆರು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದ್ದರೂ ಯಾರಿಗೂ ತೋರಿಸಿರಲಿಲ್ಲ. ಆ ಯಾರ್ಡಿನಲ್ಲಿ ಕೆಮ್ಮಿದರೂ ಖಾರ, ಕಣ್ಣುರಿದರೂ ಖಾರ, ರಕ್ತ ಹೋದರೂ ಖಾರವೇ. ಆಸ್ಪತ್ರೆಯಲ್ಲಿ ಕರುಳಿಗೆ ಕೊಳವೆ ಹಾಕಿ ನೋಡಿ, ಒಂದು ಗಂಟು ತೆಗೆದು, ಚೂರನ್ನು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಬಿಡುಗಡೆಯ ಕಾಗದದಲ್ಲಿ "ಗಂಟು, ವರದಿ ಬರಬೇಕಿದೆ" ಎಂದಿತ್ತು. ಶ್ರೀದೇವಿ ಕೆ ಅರವತ್ತಮೂರು ಹಾಕಿದಳು. ಅಲ್ಲಿಯವರೆಗೆ ತಪ್ಪೇನಿಲ್ಲ.

ಎಂಟು ದಿನಕ್ಕೆ ವರದಿ ಬಂತು. ಅಂದು ಗುರುವಾರ. ತಡವಾಗಿ ಬಂದ ವರದಿಗಳನ್ನೆಲ್ಲ ಒಟ್ಟು ಮಾಡಿ ಶನಿವಾರ ಡಾಕ್ಟರ ಮುಂದೆ ಇಡುವುದು ಅಲ್ಲಿನ ಪದ್ಧತಿ. ಅವರು ನೋಡಿ ಬರೆದ ಮೇಲೆ ಸಂಖ್ಯೆ ಬದಲಾಗುತ್ತದೆ. ಆದರೆ ಶುಕ್ರವಾರ ಆಸ್ಪತ್ರೆಯ ಗುಣಮಟ್ಟ ನೋಡುವವರು ಬರುವವರಿದ್ದರು, ಬಾಕಿ ಟ್ರೇ ಖಾಲಿ ಇರಬೇಕೆಂದು ಮೇಲಿನವರ ಅಪ್ಪಣೆ. ಶ್ರೀದೇವಿ ಟ್ರೇಯಲ್ಲಿದ್ದದ್ದನ್ನೆಲ್ಲ ಓದದೆ ಸಹಿ ಹಾಕಿ, ಆಯಾ ಫೈಲಿಗೆ ಸೇರಿಸಿ ಕಪಾಟು ಮುಚ್ಚಿದಳು. ಸೋಮವಾರ ಹೊರಗೆ ತೆಗೆದರಾಯಿತು ಎಂದುಕೊಂಡಳು. ನೋಡಲು ಬಂದವರು ಖಾಲಿ ಟ್ರೇ ಕಂಡು ಮೆಚ್ಚಿದರು. ಸೋಮವಾರ ಅವಳಿಗೆ ಅದು ನೆನಪೇ ಆಗಲಿಲ್ಲ.

ಹನ್ನೊಂದು ತಿಂಗಳ ಮೇಲೆ ಲಕ್ಷ್ಮಪ್ಪ ಕಾಮಾಲೆಯಾಗಿ ಮರಳಿದ. ರೋಗ ಯಕೃತ್ತಿಗೆ ಏರಿದ್ದು ಸ್ಕ್ಯಾನಿನಲ್ಲಿ ಕಂಡಿತು. ಅವನ ಹೆಂಡತಿ ಗುತ್ತೆವ್ವ ದಾಖಲೆ ಕೋಣೆಯ ಕಿಟಕಿಗೆ ಬಂದು ನಿಂತಳು.

"ಹಳೇ ಕಾಗದ ಕೊಡ್ರಿ ಮೇಡಮ್ಮಾರ, ಡಾಕ್ಟರು ಕೇಳಾಕತ್ತಾರ. ಅವತ್ತ ರಿಪೋರ್ಟಿನಾಗ ಏನರ ಇದ್ರ ಫೋನ್ ಮಾಡ್ತೇವಿ ಅಂದಿದ್ರಿ. ಫೋನ್ ಬರಲಿಲ್ಲ, ಹಂಗಾರ ಛಲೋ ಐತಿ ಅಂತ ದೇವರಿಗೆ ಕಾಯಿ ಒಡಿಸಿದ್ವಿ."

ಫೈಲು ತೆರೆದಾಗ ಅಡಿನೋಕಾರ್ಸಿನೋಮಾ, ಅಂದರೆ ಕ್ಯಾನ್ಸರ್, ಎಂಬ ಪದ ಕಂಡಿತು, ಅದರ ಕೆಳಗೆ ಅವಳದೇ ಸಹಿ. ಶ್ರೀದೇವಿ ಆ ಹಾಳೆಯನ್ನು ತೆಗೆದು ಬ್ಯಾಗಿಗೆ ತುರುಕಿ, ಉಳಿದದ್ದನ್ನು ಗುತ್ತೆವ್ವನ ಕೈಗಿಟ್ಟಳು. ಇನ್ನು ಅದರಿಂದ ಆಗುವುದೇನಿದೆ, ಸ್ಕ್ಯಾನು ಎಲ್ಲ ಹೇಳಿದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡು ತಿಂಗಳಿಗೆ ಲಕ್ಷ್ಮಪ್ಪ ತೀರಿಕೊಂಡ.

ಆಮೇಲೆ ಅವಳಿಗೆ ನೆಮ್ಮದಿ ಎಂಬುದಿಲ್ಲ. ಕೆಲಸಕ್ಕೆಂದು ರೈಲ್ವೆ ಸ್ಟೇಶನ್ನಿಗೆ ಹೋಗುವಾಗ ಚೀಲ ಹೊತ್ತವರ ಬೆನ್ನೆಲ್ಲ ಅವನ ಬೆನ್ನೇ. ಒಮ್ಮೆ ಒಬ್ಬ ಹಮಾಲ ತಿರುಗಿ ನೋಡಿದಾಗ ಅವಳು ರಸ್ತೆಯಲ್ಲೇ ನಿಂತುಬಿಟ್ಟಳು. ತಿಂಗಳ ಪಟ್ಟಿ ಮುದ್ರಿಸಿದಾಗ ರುದ್ರಪ್ಪ ಆದ ಮೇಲೆ ವೀರಣ್ಣ ಬರುತ್ತಾನೆ; ಆ ಎರಡರ ನಡುವೆ, ಲಕ್ಷ್ಮಪ್ಪನ ಹೆಸರು ಇರಬೇಕಿದ್ದ ಗೆರೆಯಷ್ಟು ಜಾಗದಲ್ಲಿ ಅವಳ ಬೆರಳು ನಿಲ್ಲುತ್ತದೆ. ಹಾಳೆ ಬ್ಯಾಗಿನಲ್ಲೇ ಉಳಿಯಿತು. ಸುಡಲು ಕೈ ಬರಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಬದುಕಿರುವವರ ಹೆದರಿಕೆಗೆ ಮದ್ದುಂಟು, ಸತ್ತವರ ಹೆದರಿಕೆಗೆ ಎಲ್ಲಿಂದ ತರುವುದು?

ಒಂದು ಭಾನುವಾರ ನೀಲಗಂಗವ್ವ ಊಟಕ್ಕೆ ಕುಳಿತಾಗ ಸುಮ್ಮನೆ ಹೇಳಿದರು: "ಆ ಹಮಾಲ ಲಕ್ಷ್ಮಪ್ಪನ ಹೇಣತಿ ಖಾರ ಬಿಟ್ಟಾಳಂತ. ನನ್ನ ಕೈ ಅಡಗೀನ ಅವರ ಕರಳ ಸುಟ್ಟತಿ ಅಂತ ಅಳತಾಳಂತ. ಊರ ಮಂದೀನೂ ಹಂಗ ಅಂತಾರ."

ಶ್ರೀದೇವಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ತನ್ನ ಪಾಪವನ್ನು ಇನ್ನೊಬ್ಬಳು ದಿನಕ್ಕೆರಡು ಹೊತ್ತು ಉಣ್ಣುತ್ತಿದ್ದಾಳೆ. ಕೈತೊಳೆದವಳೇ ಬ್ಯಾಗು ಹಿಡಿದು ಹೊರಟಳು.

ಗುತ್ತೆವ್ವ ಮನೆ ಮುಂದೆ ಮೆಣಸಿನಕಾಯಿ ರಾಶಿಯ ಹತ್ತಿರ ತೊಟ್ಟು ಬಿಡಿಸುತ್ತ ಕುಳಿತಿದ್ದಳು. ಗುರುತು ಹಿಡಿದು, ಚಾಪೆ ಹಾಸಿ, "ಕುಂದ್ರಿ" ಎಂದಳು. ಶ್ರೀದೇವಿ ಹಾಳೆ ತೆಗೆದಳು. ಅಕ್ಷರ ಬಾರದ ಗುತ್ತೆವ್ವನಿಗೆ ಅವಳೇ ಓದಿ ಹೇಳಬೇಕಾಯಿತು.

"ಖಾರದಿಂದ ಆಗಿದ್ದಲ್ಲ ಅವ್ವಾರ. ಮೊದಲಿಂದನ ಕ್ಯಾನ್ಸರ್ ಇತ್ತು. ಈ ಕಾಗದ ಅವಾಗ ಬಂದಿತ್ತು. ನಾ ನೋಡಲಾರದ ಸಹಿ ಮಾಡಿ ಕಪಾಟಿನಾಗ ಇಟ್ಟೆ. ಇಡದಿದ್ರ ನಿಮಗ ಫೋನ್ ಬರ್ತಿತ್ತು. ನೀವು ಕಾಗದ ಕೇಳಾಕ ಬಂದಾಗೂ ಮುಚ್ಚಿಟ್ಟೆ."

ಗುತ್ತೆವ್ವ ಹಾಳೆಯನ್ನು ಇಸಿದುಕೊಂಡು ಹಿಂದೆ ಮುಂದೆ ತಿರುವಿ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಶ್ರೀದೇವಿಗೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತ ಇದೊಂದ ಕಾಗದ ಇಟ್ರ್ಯಾ?"

"ಇಲ್ರಿ. ಟ್ರೇದಾಗ ಇದ್ದದ್ದೆಲ್ಲಾ."

"ಉಳದದ್ದು ಯಾರ್ಯಾರ್ವು?"

"ಗೊತ್ತಿಲ್ರಿ. ಆಮ್ಯಾಲ ತೆಗದು ನೋಡಿಲ್ಲ."

ಇಷ್ಟು ದಿನ ಒಬ್ಬನ ನೆನಪಿನಲ್ಲೇ ಬೆಂದವಳಿಗೆ, ಆ ಕಪಾಟಿನಲ್ಲಿ ಇನ್ನೂ ಉಸಿರಾಡುವವರು ಇರಬಹುದೆಂಬುದು ಹೊಳೆದಿರಲಿಲ್ಲ. ಗುತ್ತೆವ್ವ ಚಾಪೆಯ ಅಂಚು ಹಿಡಿದಳು.

"ಮತ್ತ ಇಲ್ಲಿ ಯಾಕ ಕುಂತೀರಿ? ಏಳ್ರಿ, ಹೋಗಿ ಆ ಕಪಾಟ ತಗದು ನೋಡ್ರಿ."